ಪಿಇಎಂಎಫ್ ಮ್ಯಾಟ್ ಕೊಳ್ಳುವ ಮುನ್ನ ಏನು ನೋಡಬೇಕು?

ಪ್ರಶ್ನೆ: ಮೊಣಕಾಲಿನ ಸಂಧಿವಾತಕ್ಕೆ ವಿದ್ಯುತ್ಕಾಂತೀಯ ಮಿಡಿತದ (ಪಿಇಎಂಎಫ್) ಮ್ಯಾಟ್ ಮಾರುವವರು "100 ಗಾಸ್, ಎಲ್ಲ ಕಾಯಿಲೆಗೂ ಮದ್ದು" ಎನ್ನುತ್ತಾರೆ (ಗಾಸ್ ಎಂದರೆ ಕಾಂತಕ್ಷೇತ್ರದ ಬಲದ ಅಳತೆ). ಇದನ್ನು ಪರೀಕ್ಷಿಸುವುದು ಹೇಗೆ? ಪೇಸ್‌ಮೇಕರ್ ಇರುವವರು ಬಳಸಬಹುದೇ?

ಉತ್ತರ 1: ಪೇಸ್‌ಮೇಕರ್ ಇದ್ದರೆ ಬೇಡವೇ ಬೇಡ. ಮ್ಯಾಟ್‌ನೊಳಗಿನ ಕಾಯಿಲ್‌ನ (ತಂತಿ ಸುರುಳಿಯ) ಮಿಡಿತವನ್ನೇ ಹೃದಯದ ಬಡಿತವೆಂದು ಗ್ರಹಿಸಿ ಪೇಸ್‌ಮೇಕರ್ ತನ್ನ ಕೆಲಸ ನಿಲ್ಲಿಸಿಬಿಡಬಹುದು. ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯೊಳಗೆ ಅಳವಡಿಸುವ ಶ್ರವಣ ಸಾಧನ), ಇನ್ಸುಲಿನ್ ಪಂಪ್ ಇರುವವರೂ ಗರ್ಭಿಣಿಯರೂ ದೂರವಿರಲಿ.

ಕೂಡಿಕೊಳ್ಳದ ಮೂಳೆ ಮುರಿತಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1979ರಲ್ಲೇ ಇಂಥ ಸಾಧನವನ್ನು ಒಪ್ಪಿದೆ. ಮೊಣಕಾಲು ನೋವಿನ ಅಧ್ಯಯನಗಳ ಫಲಿತಾಂಶ ಮಾತ್ರ ಮಿಶ್ರ. ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದರೆ ಅಲ್ಲಿಂದ ಎದ್ದು ಬನ್ನಿ.

ಉತ್ತರ 2: ಗಾಸ್ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ. 100 ಗಾಸ್ ಎಂದರೆ 10 ಮಿಲಿಟೆಸ್ಲಾ. ಆದರೆ ಅಳೆದದ್ದು ಎಲ್ಲಿ? ದುಂಡು ಕಾಯಿಲ್‌ನ ಮಧ್ಯದಿಂದ ನೇರ ಮೇಲಕ್ಕೆ ಅದರ ತ್ರಿಜ್ಯದಷ್ಟು ದೂರ ಸರಿದರೆ ಕಾಂತಕ್ಷೇತ್ರ ಸುಮಾರು 35%ಕ್ಕೆ ಇಳಿಯುತ್ತದೆ, ಅದರ ಎರಡರಷ್ಟು ದೂರದಲ್ಲಿ 9%ಕ್ಕೆ. ಅಂಗಾಂಶದಲ್ಲಿ ವಿದ್ಯುತ್ತು ಹುಟ್ಟುವುದು ಕ್ಷೇತ್ರ ಬದಲಾಗುವ ವೇಗದಿಂದ, ಆದ್ದರಿಂದ ಮಿಡಿತದ ಏರಿಕೆಯ ಸಮಯವನ್ನೂ ಆವರ್ತನವನ್ನೂ ಕೇಳಿ. ಸ್ಥಿರ ಅಯಸ್ಕಾಂತದ ಕಡಗಕ್ಕೆ ಈ ಗುಣವೇ ಇಲ್ಲ.

ಫೋನಿನ ದಿಕ್ಸೂಚಿ ಸೆನ್ಸರ್ ನಿಧಾನ, ಕಿರು ಮಿಡಿತಗಳು ಅದಕ್ಕೆ ಸಿಗುವುದಿಲ್ಲ. ಎನಾಮಲ್ ತಾಮ್ರದ ತಂತಿಯನ್ನು 50 ಸುತ್ತು ಸುತ್ತಿ ಆಸಿಲೋಸ್ಕೋಪಿಗೆ (ವಿದ್ಯುತ್ ಅಲೆಯನ್ನು ಪರದೆಯ ಮೇಲೆ ತೋರಿಸುವ ಉಪಕರಣಕ್ಕೆ) ಜೋಡಿಸಿ ಮ್ಯಾಟ್ ಮೇಲಿಡಿ. ಪ್ರತಿ ಮಿಡಿತದ ಅಂಚಿನಲ್ಲಿ ಚೂಪಾದ ಅಲೆ ಏಳಬೇಕು.

ಉತ್ತರ 3: ಹೀಟರ್ ಇರುವ ಮ್ಯಾಟ್ ಆದರೆ ಹೀಟರನ್ನು ಆಫ್ ಮಾಡಿ ನೋಡಿ. ಬರೀ ಶಾಖಕ್ಕೂ ಮೊಣಕಾಲು ನೋವು ತಗ್ಗುತ್ತದೆ, ಹೆಸರು ಮಾತ್ರ ಕಾಂತಕ್ಕೆ ಹೋಗುತ್ತದೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನಂತೂ ಬಿಡಬೇಡಿ. ಅದರ ಪುರಾವೆ ಇದಕ್ಕಿಂತ ಬಹಳ ಗಟ್ಟಿ.