ಸಹಾಯ ಬೇಕು: ಕೊಡಗಿನಲ್ಲಿ ಅಮ್ಮನ ಜೊತೆ ಹೋಮ್‌ಸ್ಟೇನಾ, ಹೋಟೆಲ್ಲಾ?

ನಮಸ್ಕಾರ. ಡಿಸೆಂಬರ್ ರಜೆಗೆ ಕೊಡಗಿಗೆ ಹೊರಟಿದ್ದೀವಿ, 3 ರಾತ್ರಿ, ಆರು ಜನ. ಅಮ್ಮನಿಗೆ 71, ಮಂಡಿನೋವು. ತಲಕಾವೇರಿ ನೋಡಬೇಕು ಅನ್ನೋದು ಅವರ ಬಹುದಿನದ ಆಸೆ. ಮಕ್ಕಳಿಗೆ ಟೆಂಟೇ ಬೇಕು. ಆದ್ರೆ ಆ ಚಳಿ, ಇಬ್ಬನಿಯಲ್ಲಿ ನೆಲದ ಮೇಲೆ ಮಲಗಿ ಅಮ್ಮ ಬೆಳಿಗ್ಗೆ ಏಳೋದು ಹೇಗೆ? ಅದನ್ನ ಕೈಬಿಟ್ಟೆ.

ಕಕ್ಕಬ್ಬೆ ಹತ್ತಿರ ಕಾಫಿ ತೋಟದ ಹೋಮ್‌ಸ್ಟೇ ಒಂದಕ್ಕೆ ಫೋನ್ ಮಾಡಿದೆ. ಇಡೀ ಮನೆ ನಮಗೇ, ಕಡಂಬುಟ್ಟು, ಅಕ್ಕಿರೊಟ್ಟಿ ಎಲ್ಲ ಮಾಡಿಕೊಡ್ತಾರೆ. ಆದ್ರೆ ಕೊನೆಯ 2 ಕಿ.ಮೀ. ಜೀಪಲ್ಲೇ ಹೋಗಬೇಕಂತೆ! ಮಡಿಕೇರಿ ಹೋಟೆಲಲ್ಲಿ ಲಿಫ್ಟ್ ಇದೆ, ಆಸ್ಪತ್ರೆ ಹತ್ತಿರ. ಮೂರು ರೂಮು ಬೇಕಾಗುತ್ತೆ, ಮಕ್ಕಳಿಗೆ ಆಡೋಕೆ ಅಂಗಳ ಇಲ್ಲ.

ಭಾಗಮಂಡಲ, ನಾಪೋಕ್ಲು ಕಡೆ ಬಾಗಿಲವರೆಗೂ ಕಾರು ಹೋಗೋ, ಕೆಳಗಡೆನೇ ರೂಮು, ವೆಸ್ಟರ್ನ್ ಟಾಯ್ಲೆಟ್ ಇರೋ ಹೋಮ್‌ಸ್ಟೇಯಲ್ಲಿ ವಯಸ್ಸಾದವರ ಜೊತೆ ಉಳಿದವರು ಇದ್ದೀರಾ? ಇಲ್ಲಾ ಮಡಿಕೇರಿ ಹೋಟೆಲೇ ಸರಿನಾ?