ಬಲಿಪೂಜೆಗೆ 40 ನಿಮಿಷ, ಸಾಂತಾ ಕ್ಲಾಸ್‌ಗೆ ಮೆರವಣಿಗೆ: ಇದು ಯಾರ ಹಬ್ಬ?

ಕಾರ್ಕಳದವಳು
ಬೆಂಗಳೂರಿನ ನಮ್ಮ ಚರ್ಚಿನ ಸೂಚನಾ ಫಲಕದಲ್ಲಿ ಡಿಸೆಂಬರ್ 24ರ, ಅಂದರೆ ಕ್ರಿಸ್ಮಸ್ ಹಿಂದಿನ ಸಂಜೆಯ ಕಾರ್ಯಕ್ರಮ ಪಟ್ಟಿ ಮೊನ್ನೆ ಭಾನುವಾರ ಕಾಣಿಸಿಕೊಂಡಿತು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. 6.30ಕ್ಕೆ ತೆರೆದ ಜೀಪಿನಲ್ಲಿ ಸಾಂತಾ ಕ್ಲಾಸ್ ಆಗಮನ. 6.45ಕ್ಕೆ ನೃತ್ಯ. 7.15ಕ್ಕೆ ಅತಿಥಿಗಳ ಭಾಷಣ. 7.40ಕ್ಕೆ ಬಲಿಪೂಜೆ, ಅಂದರೆ ಹಬ್ಬದ ಮುಖ್ಯ ಆರಾಧನೆಯೇ. 8.20ಕ್ಕೆ ಕೇಕ್, ಹೌಸಿ ಆಟ, ಡಿಜೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಪ್ರಬೋಧನೆ (ಪೂಜೆಯ ನಡುವಿನ ಪ್ರವಚನ) ಚುಟುಕಾಗಿರಲಿ ಎಂದು ಫಾದರ್ ಅವರಲ್ಲಿ ವಿನಂತಿ. ಅತಿಥಿಗಳಿಗೆ ಮಾತ್ರ ಅಂಥ ವಿನಂತಿ ಇಲ್ಲ!

ಪಾಲನಾ ಪರಿಷತ್ತಿನ ಸಭೆಯಲ್ಲಿ ಎದ್ದು ಕೇಳಿದೆ. "ಮಕ್ಕಳು ಬರಬೇಕಲ್ಲ ಬಾಯಿ, ಕಾಲ ಬದಲಾಗಿದೆ" ಎಂದು ನಕ್ಕು ಕೂರಿಸಿದರು. (ಬಾಯಿ ಎಂದರೆ ಕೊಂಕಣಿಯಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವ ಮಾತು.)

ಚಿಕ್ಕಂದಿನಲ್ಲಿ ಅಪ್ಪ ತೆಂಗಿನ ಗರಿಯ ಸೂಡಿ ಹಚ್ಚಿಕೊಂಡು ಗದ್ದೆಯ ಬದುವಿನ ಮೇಲೆ ನಮ್ಮನ್ನು ನಡುರಾತ್ರಿಯ ಪೂಜೆಗೆ ಕರೆದೊಯ್ಯುತ್ತಿದ್ದರು. ಚರ್ಚಿನೊಳಗೆ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಸಿದ್ಧವಾಗಿರುತ್ತಿತ್ತು, ಆದರೆ ಮಧ್ಯದ ಹುಲ್ಲು ಖಾಲಿ. ಮಹಿಮೆಯ ಗೀತೆ ಎದ್ದಾಗ ಗಂಟೆಗಳೆಲ್ಲ ಒಟ್ಟಿಗೆ ಬಾರಿಸಿ, ಫಾದರ್ ಬಿಳಿ ಬಟ್ಟೆಯಲ್ಲಿ ಬಾಲಯೇಸುವಿನ ಪ್ರತಿಮೆಯನ್ನು ಎತ್ತಿ ತಂದು ಅಲ್ಲಿ ಮಲಗಿಸುತ್ತಿದ್ದರು. ನಿದ್ದೆಗಣ್ಣಿನ ಮಕ್ಕಳೆಲ್ಲ ಆ ಗಳಿಗೆಗೆ ಎದ್ದು ನಿಲ್ಲುತ್ತಿದ್ದೆವು. ಈಗ ನಮ್ಮ ಗೋದಲಿ ಗೇಟಿನ ಬಳಿ ಇದೆ. ಕಾರಂಜಿ, ಓಡುವ ಆಟಿಕೆ ರೈಲು, ಪಕ್ಕದಲ್ಲಿ ಪ್ರಾಯೋಜಕರ ಫಲಕ. ಮಗು ಡಿಸೆಂಬರ್ 10ಕ್ಕೇ ಹುಟ್ಟಿಬಿಟ್ಟಿದೆ.

ನಾನು ಕೇಳಿದ್ದರಲ್ಲಿ ತಪ್ಪೇನಾದರೂ ಇದೆಯೇ?

ಯುವ ಸಂಚಾಲಕ
ನಾನು ಬೇರೆ ಚರ್ಚಿನವನು, ಆದರೆ ಇಂಥ ಪಟ್ಟಿ ಮಾಡುವವರಲ್ಲಿ ಒಬ್ಬ. ಅಕ್ಕ, ಕಾರ್ಯಕ್ರಮವನ್ನು ಪೂಜೆಯ ನಂತರ ಇಟ್ಟರೆ ಅರ್ಧ ಜನ ಪರಮಪ್ರಸಾದ ಸ್ವೀಕರಿಸಿ ಹಾಗೆಯೇ ಗೇಟು ದಾಟುತ್ತಾರೆ. ಮೊದಲೇ ಇಟ್ಟರೆ ಕುಣಿಯಲು ಬಂದ ಹುಡುಗ ಪೂಜೆಗೂ ಕೂರುತ್ತಾನೆ. ಕಳೆದ ವರ್ಷ ವೇದಿಕೆಗೆಂದು ಬಂದ ನಾಲ್ವರು ಈಗ ಪೀಠದ ಬಳಿ ಸೇವೆಗೆ ನಿಲ್ಲುತ್ತಿದ್ದಾರೆ. ಅವರನ್ನು ಕರೆತಂದದ್ದು ಪ್ರಬೋಧನೆಯಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಪೂಜೆಯ ಗೌರವದ ಬಗ್ಗೆ ನಮಗೆ ಬುದ್ಧಿ ಹೇಳುವ ಹಿರಿಯರಲ್ಲಿ ಎಷ್ಟು ಮಂದಿ ಪ್ರಬೋಧನೆಯ ಹೊತ್ತಿಗೆ ಹೊರಗೆ ಮರದ ಕೆಳಗೆ ಅಡಿಕೆ ಧಾರಣೆ ಮಾತನಾಡುತ್ತಿರುತ್ತಾರೆ ಎಂದು ಯಾರಾದರೂ ಎಣಿಸಲಿ.

ಹಳೆಯ ಆರ್ಗನ್
ಮರದ ಕೆಳಗಿನ ಮಾತು ಸತ್ಯ. ಒಪ್ಪಿದೆ.

ಆದರೆ ತಮ್ಮಾ, ಗಾನವೃಂದದಲ್ಲಿ 30 ವರ್ಷ ಕೂತವನಾಗಿ ಒಂದು ವಿಷಯ ಹೇಳಲೇಬೇಕು. ಕ್ರಿಸ್ಮಸ್‌ಗೆ ಮೊದಲಿನ ಆಗಮನ ಕಾಲದ ನಾಲ್ಕು ಭಾನುವಾರಗಳಲ್ಲಿ ನಾವು ಮಹಿಮೆಯ ಗೀತೆ ಹಾಡುವುದಿಲ್ಲ. ಗುರುಗಳ ವಸ್ತ್ರ ನೇರಳೆ, ಪೀಠದ ಮೇಲೆ ಹೂವು ಕಡಿಮೆ, ವಾರಕ್ಕೊಂದರಂತೆ ಮೇಣದಬತ್ತಿ. ಅಂದರೆ ಸುಮಾರು ನಾಲ್ಕು ವಾರ ಬಾಯಿ ಕಟ್ಟಿಕೊಂಡು ಕಾದಿರುತ್ತೇವೆ. 24ರ ರಾತ್ರಿ ಬಿಳಿ ವಸ್ತ್ರದಲ್ಲಿ ಗುರುಗಳು ಆ ಗೀತೆಯ ಮೊದಲ ಸಾಲು ಎತ್ತಿದಾಗ ಮೈ ಜುಮ್ಮೆನ್ನುವುದು ಆ ಕಾಯುವಿಕೆಯಿಂದ. ಸಂಜೆ 6.30ರಿಂದ ಡೋಲು, ನೃತ್ಯದ ಹಾಡು ಕೇಳಿ ಕಿವಿ ತುಂಬಿಸಿಕೊಂಡು ಒಳಗೆ ಬಂದವನಿಗೆ ನಮ್ಮ ಗೀತೆ ಏನು ಕೇಳಿಸೀತು? ಮೌನವೇ ಇಲ್ಲದ ಕಡೆ ಗಂಟೆ ಬಾರಿಸಿದರೂ ಅದು ಇನ್ನೊಂದು ಸದ್ದು, ಅಷ್ಟೆ.

ಹೋದ ವರ್ಷ ಒಂದು ಕಡೆ ಪರಮಪ್ರಸಾದದ ಹೊತ್ತಿಗೆ 'ಜಿಂಗಲ್ ಬೆಲ್ಸ್' ನುಡಿಸಿದರು. 1857ರಲ್ಲಿ ಅಮೆರಿಕದಲ್ಲಿ ಅಚ್ಚಾದ, ಹಿಮದ ಮೇಲೆ ಕುದುರೆ ಬಂಡಿ ಓಡಿಸುವ ಹಾಡು ಅದು. ಯೇಸುವಿನ ಸುದ್ದಿ ಹಾಗಿರಲಿ, ಕ್ರಿಸ್ಮಸ್ ಎಂಬ ಶಬ್ದವೂ ಅದರಲ್ಲಿಲ್ಲ. ನಾನು ಆರ್ಗನ್ ಮುಚ್ಚಿ ಕೈಕಟ್ಟಿ ಕೂತೆ. ಹೆಂಡತಿಯಿಂದ ಬೈಗುಳ ತಿಂದೆ.

ವಾಕ್ಯ ಮಾತ್ರ
ಎಲ್ಲರೂ ಕೊಂಬೆಯ ಬಗ್ಗೆ ಜಗಳವಾಡುತ್ತಿದ್ದೀರಿ. ಬೇರು ನೋಡಿ. ಡಿಸೆಂಬರ್ 25 ಎಂದು ಸುವಾರ್ತೆಯಲ್ಲಿ ಎಲ್ಲಿದೆ? ಆ ದಿನಾಂಕ ಖಚಿತವಾಗಿ ಮೊದಲು ಕಾಣಸಿಗುವುದು 354ರ ರೋಮಿನ ಒಂದು ಪಂಚಾಂಗದಲ್ಲಿ. ಯೇಸುವಿನ ಶಿಷ್ಯರಾದ ಅಪೊಸ್ತಲರು ಹುಟ್ಟುಹಬ್ಬ ಆಚರಿಸಲಿಲ್ಲ. ಆಜ್ಞೆಯೇ ಇಲ್ಲದ ಹಬ್ಬದ ಮಧ್ಯದಲ್ಲಿ ಆರಾಧನೆ ಇರಲಿ ಎಂದು ಹೊಡೆದಾಡುವ ಬದಲು ಹಬ್ಬವನ್ನೇ ಬಿಟ್ಟು ಪ್ರತಿ ಭಾನುವಾರವನ್ನು ಸರಿಯಾಗಿ ಆಚರಿಸಿ. ಸಾಂತಾ ಕ್ಲಾಸ್ ತಾನಾಗಿಯೇ ಮನೆಗೆ ಹೋಗುತ್ತಾನೆ.

ಹುಬ್ಬಳ್ಳಿ ಸಭೆಯವ
ಸಹೋದರರೇ, ಆ ಪ್ರಯೋಗ ಆಗಿಹೋಗಿದೆ. ಇಂಗ್ಲೆಂಡಿನ ಸಂಸತ್ತು 1647ರಲ್ಲಿ ಕ್ರಿಸ್ಮಸ್ ಹಬ್ಬವನ್ನೇ ರದ್ದು ಮಾಡಿತು. ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ ಹಬ್ಬ ಮಾಡಿದವರಿಗೆ 5 ಶಿಲ್ಲಿಂಗ್ ದಂಡ. 1681ರಲ್ಲಿ ಆ ಕಾನೂನನ್ನು ಅವರೇ ತೆಗೆದುಹಾಕಿದರು. ಹಬ್ಬ ತಿರುಗಿ ಬಂತು. ಪ್ರಾರ್ಥನಾಮಂದಿರ ಬಾಗಿಲು ಹಾಕಿಕೊಂಡರೆ ಹಬ್ಬವನ್ನು ಅಂಗಡಿಯವನು ನಡೆಸುತ್ತಾನೆ, ಅಷ್ಟೇ ವ್ಯತ್ಯಾಸ.

ನಾವು ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟಂಟರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪರಂಪರೆ. ನಮ್ಮಲ್ಲಿ ನಡುರಾತ್ರಿಯ ಪೂಜೆಗಿಂತ 25ರ ಬೆಳಗಿನ ಆರಾಧನೆಗೆ ತೂಕ ಹೆಚ್ಚು. ಜರ್ಮನ್ ರಾಗಕ್ಕೆ ಕೂರಿಸಿದ ಕನ್ನಡ ಗೀತೆಗಳನ್ನು ಅಜ್ಜಿಯರು ಪುಸ್ತಕ ನೋಡದೆ ಹಾಡುತ್ತಾರೆ. ಆದರೆ ನಮ್ಮ ತಟ್ಟೆಯಲ್ಲೂ ನೊಣ ಬಿದ್ದಿದೆ. ಕ್ಯಾರೊಲ್ ತಂಡ ಮನೆಮನೆಗೆ ಹೋದಾಗ ವಾಕ್ಯ ಓದಿ, ಆ ಮನೆಯ ರೋಗಿಯ ಹೆಸರು ಹಿಡಿದು ಪ್ರಾರ್ಥಿಸಿ ಬರುವುದು ಪದ್ಧತಿ. ಬರಬರುತ್ತಾ ಅದು ಪ್ಲಾಸ್ಟಿಕ್ ಮುಖವಾಡ, ರಶೀದಿ ಪುಸ್ತಕ, ಒಂದು ಮನೆಗೆ ಮೂರು ನಿಮಿಷ ಎಂಬಲ್ಲಿಗೆ ಬಂತು. ಕೊನೆಗೆ ಹಿರಿಯರು ಕೂತು ಒಂದೇ ನಿಯಮ ಮಾಡಿದೆವು: ಯೇಸು ಹುಟ್ಟಿದ ಕಥೆಯಿರುವ ಲೂಕನ ಸುವಾರ್ತೆಯ ಎರಡನೇ ಅಧ್ಯಾಯ ಓದದೆ ಯಾವ ಮನೆಯ ಹೊಸ್ತಿಲೂ ದಾಟುವಂತಿಲ್ಲ. ಒಂದು ರಾತ್ರಿಗೆ ಮೊದಲು 25 ಮನೆ ಆಗುತ್ತಿತ್ತು, ಈಗ 12. ಸಂಗ್ರಹ ಕಡಿಮೆಯಾಯಿತು ಎಂದು ಖಜಾಂಚಿಗೆ ಇನ್ನೂ ಮುನಿಸು.

ವಾಕ್ಯ ಮಾತ್ರ
ದಂಡದ ಕಾನೂನನ್ನು ನಾನೂ ಒಪ್ಪುವುದಿಲ್ಲ. ಆದರೆ ಹಬ್ಬ ತಿರುಗಿ ಬಂತು ಎಂಬುದು ಅದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ಜಾತ್ರೆಯೂ ಪ್ರತಿ ವರ್ಷ ತಿರುಗಿ ಬರುತ್ತದೆ. 12 ಮನೆಯ ನಿಯಮ ಮಾತ್ರ ಒಳ್ಳೆಯದು, ಅದನ್ನು ಜೂನ್ ತಿಂಗಳಲ್ಲೂ ಮಾಡಿ.

ಅಡುಗೆಮನೆಯಿಂದ
ಗಂಡಸರ ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಸ್ವಲ್ಪ ಈ ಕಡೆ ತಿರುಗಿ.

ನತಾಲ್ (ಕ್ರಿಸ್ಮಸ್) ಎಂದರೆ ನಮ್ಮ ಮನೆಯಲ್ಲಿ ಕುಸ್ವಾರ್, ಹಬ್ಬದ ತಿಂಡಿಗಳು. ಕಿಡಿಯೊ ಹಿಟ್ಟಿನ ಒಂದೊಂದು ಗೋಲಿಯನ್ನೂ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಎರಡು ಕಿಲೋ ಮೈದಾ ಎಂದರೆ ಎಷ್ಟು ಸುರುಳಿ, ನೀವೇ ಲೆಕ್ಕ ಹಾಕಿ. ಆಮೇಲೆ ನೆವ್ರಿ, ತುಕ್ಡಿ, ಕೊಕ್ಕಿಸಾ, ಚಕ್ಕುಲಿ. 24ರ ಸಂಜೆಯವರೆಗೂ ಎಣ್ಣೆಯ ಮುಂದೆ. ನೆರೆಮನೆಗಳಿಗೆ ತಟ್ಟೆ ಜೋಡಿಸಿ, ಮಕ್ಕಳ ಬಟ್ಟೆಗೆ ಇಸ್ತ್ರಿ ಹಾಕಿ ಪೂಜೆಗೆ ಹೋದರೆ ತಲೆಗೂದಲಿನಿಂದ ಕರಿದ ಎಣ್ಣೆಯ ವಾಸನೆ. ವಾಚನ ಶುರುವಾಗುತ್ತಲೇ ನನ್ನ ಕತ್ತು ವಾಲುತ್ತದೆ. ಆರ್ಗನ್ ಸರ್ ಹೇಳುವ ಮಹಿಮೆಯ ಗೀತೆಯನ್ನು ಎಷ್ಟೋ ವರ್ಷ ನಿದ್ದೆಯಲ್ಲೇ ಕೇಳಿದವಳು ನಾನು. ಆಗಮನ ಕಾಲದ ಪಾಪನಿವೇದನೆಯ ಸರದಿಯಲ್ಲಿ ನಿಲ್ಲಲು ಗಂಡಸರಿಗೆ ಪುರುಸೊತ್ತಿತ್ತು, ನಮಗಿರಲಿಲ್ಲ.

ಮೂರು ವರ್ಷದ ಹಿಂದೆ ಮನೆಯಲ್ಲಿ ಹೇಳಿಬಿಟ್ಟೆ. ಕರಿಯುವುದು 20ಕ್ಕೆ ಮುಗಿಯಬೇಕು, ಸುರುಳಿ ಸುತ್ತಲು ಗಂಡ ಮಕ್ಕಳೆಲ್ಲ ಕೂರಬೇಕು, ತಟ್ಟೆ ಹಂಚುವುದು 26ಕ್ಕೆ. ಮೊದಲ ವರ್ಷ ಗಂಡ ಸುತ್ತಿದ ಕಿಡಿಯೊಗಳು ಎಣ್ಣೆಯಲ್ಲಿ ಬಿಚ್ಚಿಕೊಂಡವು. ಪರವಾಗಿಲ್ಲ, ತಿಂದೆವು. ಪೂಜೆ ಹಬ್ಬದ ಮಧ್ಯದಲ್ಲಿರಬೇಕು ಎನ್ನುವವರು 24ರ ಮಧ್ಯಾಹ್ನ ಅಡುಗೆಮನೆಯಲ್ಲಿ ಯಾರಿದ್ದಾರೆ ಎಂದು ಒಮ್ಮೆ ಇಣುಕಿ ನೋಡಿ.

ಕಾರ್ಕಳದವಳು
ಬಾಯಿ, ಓದಿ ಸುಮ್ಮನೆ ಕೂತುಬಿಟ್ಟೆ. ಸೂಡಿ ಹಿಡಿದ ಅಪ್ಪ ನೆನಪಿದ್ದಾರೆ. ಅಮ್ಮ ಆಗ ಎಲ್ಲಿದ್ದರು ಎಂಬುದೇ ನೆನಪಿಲ್ಲ.

ಪುತ್ತೂರಿನ ನೆರೆಯವ
ನಾನು ಕ್ರೈಸ್ತನಲ್ಲ. ಆ 26ರ ತಟ್ಟೆಗಾಗಿ ಕಾಯುವ ಪಂಗಡದವನು. ಹಾಗಾಗಿ ಮಾತನಾಡಬಹುದೋ ಇಲ್ಲವೋ ಎಂದುಕೊಂಡೇ ಬರೆಯುತ್ತಿದ್ದೇನೆ.

ಅನ್ಯಧರ್ಮದವರೂ ಬರುತ್ತಾರೆ, ಆದ್ದರಿಂದ ಪೂಜೆ ಚಿಕ್ಕದಿರಲಿ, ಮನರಂಜನೆ ಇರಲಿ ಎಂಬ ವಾದ ಎಲ್ಲ ಕಡೆ ಕೇಳಿಬರುತ್ತದೆ. ನಮ್ಮ ಹೆಸರಿನಲ್ಲಿ ಆ ಕೆಲಸ ಮಾಡಬೇಡಿ. ನಾನು ಗೆಳೆಯನ ಜೊತೆ ಚರ್ಚಿಗೆ ಹೋಗುವುದು ನೀವು ಪ್ರಾರ್ಥಿಸುವುದನ್ನು ನೋಡಲು. ಕುಣಿತ ನಮ್ಮ ಬೀದಿಯಲ್ಲೇ ಬೇಕಾದಷ್ಟಿದೆ. ಗಣೇಶನನ್ನು ಕೂರಿಸಿ ಆರ್ಕೆಸ್ಟ್ರಾ ಇಡುವ ಪೆಂಡಾಲುಗಳಲ್ಲಿ ಮಂಗಳಾರತಿಯ ಹೊತ್ತಿಗೆ ಪುರೋಹಿತರು, ತಟ್ಟೆ ಹಿಡಿದ ಹುಡುಗ, ಇನ್ನಿಬ್ಬರು ಅಜ್ಜಂದಿರು ಉಳಿದಿರುತ್ತಾರೆ. ದಿಬ್ಬಣ ಭರ್ಜರಿ, ಮದುಮಗನನ್ನು ಕೇಳುವವರಿಲ್ಲ. ಈ ಕಾಯಿಲೆ ನಿಮಗೂ ನಮ್ಮಿಂದಲೇ ಅಂಟಿತೋ ಏನೋ.

ದುಬೈನಿಂದ
ಇಲ್ಲಿ ಡಿಸೆಂಬರ್ 25 ಸಾರ್ವಜನಿಕ ರಜೆಯಲ್ಲ. ಊದ್ ಮೇಥಾದ ಸಂತ ಮೇರಿ ಚರ್ಚಿನಲ್ಲಿ ಬೇರೆ ಬೇರೆ ಭಾಷೆಗಳ ಪೂಜೆ ಒಂದರ ಹಿಂದೆ ಒಂದು. ಒಳಗೆ ಜಾಗ ಸಿಗದೆ ಆವರಣದಲ್ಲಿ ಪರದೆಯ ಮುಂದೆ ನಿಂತೇ ಪೂಜೆ ಮುಗಿಸಿ, ಬೆಳಿಗ್ಗೆ 8ಕ್ಕೆ ಕಚೇರಿಗೆ ಹಾಜರಿ ಹಾಕಿದ್ದೇನೆ. ಕೇಕ್ ನನ್ನ ಮೇಜಿನ ಡ್ರಾಯರಿನಲ್ಲಿತ್ತು.

ತಮಾಷೆ ನೋಡಿ, ಇಲ್ಲಿನ ಮಾಲ್‌ಗಳಲ್ಲಿ ನವೆಂಬರಿನಿಂದಲೇ ಮೂರು ಅಂತಸ್ತಿನ ಕ್ರಿಸ್ಮಸ್ ಮರ. ಸಾಂತಾ ಇದ್ದಾನೆ, ಹಾಡಿದೆ, ಕೃತಕ ಹಿಮವೂ ಇದೆ. ಇದೆಲ್ಲ ಪುಕ್ಕಟೆ, ಮತ್ತು ನಮ್ಮ ಯಾವ ಸಮಿತಿಯೂ ಮಾಡಲಾರದಷ್ಟು ಚೆಂದ. ಆದರೂ ಜನ ಕಿಕ್ಕಿರಿದ ಬಸ್ಸಿನಲ್ಲಿ ನಿಂತುಕೊಂಡು ಚರ್ಚಿಗೆ ಬರುತ್ತಾರೆ. ಮಾಲ್‌ನಲ್ಲಿ ಸಿಗದ ಒಂದೇ ಒಂದು ವಸ್ತು ಅಲ್ಲಿದೆ. ಊರಿನ ಸಮಿತಿಯವರು ಅದನ್ನೇ ಮೊಟಕು ಮಾಡಿ ಮಾಲ್ ಜೊತೆ ಪೈಪೋಟಿಗೆ ಇಳಿದರೆ ಸೋಲುವುದು ಖಂಡಿತ.

ಯುವ ಸಂಚಾಲಕ
ದುಬೈ ಅಣ್ಣನ ಮಾತು ನಾಟಿತು. ಆದರೂ ಸಮಯದ ಕಷ್ಟ ನಿಮಗೆ ಗೊತ್ತಿಲ್ಲ. ರಾತ್ರಿ 10ರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ. ಅದಕ್ಕೇ ನಡುರಾತ್ರಿಯ ಪೂಜೆ ಎಷ್ಟೋ ಕಡೆ 7ಕ್ಕೆ ಬಂದು ಕೂತಿದೆ. ಎಲ್ಲವನ್ನೂ ಸಂಜೆಗೇ ತುರುಕಬೇಕು.

ಹಳೆಯ ಆರ್ಗನ್
ನಿಯಮ ಇರುವುದು ನಿಜ, 2000ನೇ ಇಸವಿಯದು. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ. ಆದರೆ ಅದು ಕಟ್ಟುವುದು ಧ್ವನಿವರ್ಧಕವನ್ನು, ಪೂಜೆಯನ್ನಲ್ಲ. ಮುಚ್ಚಿದ ಸಭಾಂಗಣದೊಳಗೆ ಒಳಗಿನವರಿಗಷ್ಟೇ ಕೇಳುವ ವ್ಯವಸ್ಥೆಗೆ ಅದರಲ್ಲೇ ವಿನಾಯಿತಿ ಇದೆ. ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿ 12ರ ವರೆಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಧ್ವನಿವರ್ಧಕ ಇಲ್ಲದೆ ನಡೆಯದೇ ಇರುವುದು ನಿಮ್ಮ ಡಿಜೆ ತಮ್ಮಾ. ಪೂಜೆಯನ್ನು ಸಂಜೆಗೆ ತಂದ ಕಾರಣವನ್ನು ಅರ್ಥಮಾಡಿಕೊಳ್ಳಬಲ್ಲೆ: ವಯಸ್ಸಾದವರು, ಕೊನೆಯ ಬಸ್ಸು. ಆದರೆ ನೃತ್ಯಕ್ಕಾಗಿ ಅದನ್ನು 40 ನಿಮಿಷಕ್ಕೆ ಇಳಿಸಿದ ತಪ್ಪನ್ನು ಕಾನೂನಿನ ತಲೆಗೆ ಕಟ್ಟಬೇಡಿ.

ಕಾರ್ಕಳದ ಅಕ್ಕನ ಗೋದಲಿಯ ವಿಷಯಕ್ಕೆ ಬರುತ್ತೇನೆ, ಅದು ನನ್ನ ಹುಚ್ಚು. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಗೋದಲಿ, ಹುಲ್ಲು, ಎತ್ತು, ಕತ್ತೆ ತರಿಸಿದರು. ಆ ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಫ್ರಾನ್ಸಿಸರು ಗುರುವಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಸೇವಕದೀಕ್ಷೆ ಪಡೆದವರು, ಆದ್ದರಿಂದ ಸುವಾರ್ತೆಯನ್ನು ತಾವೇ ಹಾಡಿದರು. ಅಂದರೆ ಗೋದಲಿ ಮತ್ತು ಬಲಿಪೀಠ ಅಂದು ಒಂದೇ ಆಗಿತ್ತು. ಒಂದು ಗೇಟಿಗೆ, ಇನ್ನೊಂದು ಒಳಗೆ ಎಂದು ಭಾಗ ಮಾಡಿದವರು ನಾವು. ಬೇಕಿದ್ದರೆ ರೈಲನ್ನು ಗೇಟಿನಲ್ಲೇ ಬಿಡಿ. ಮಗುವನ್ನು ಒಳಗೆ ತನ್ನಿ.

ಸಾಂತಾ ಬೇಕೇ ಬೇಕು ಎಂದಾದರೆ ಅವನ ಮೂಲಪುರುಷ, ಇಂದಿನ ಟರ್ಕಿಯ ಮೀರಾ ಪಟ್ಟಣದ ಬಿಷಪ್ ಸಂತ ನಿಕೊಲಾಸರ ಹಬ್ಬ ಡಿಸೆಂಬರ್ 6ಕ್ಕಿದೆ. ಅಂದು ಜೀಪಿನಲ್ಲಾದರೂ ಬರಲಿ, ಆನೆಯ ಮೇಲಾದರೂ ಬರಲಿ.

ವಾಕ್ಯ ಮಾತ್ರ
ಆನೆಯೂ ಸುವಾರ್ತೆಯಲ್ಲಿಲ್ಲ.

ಹುಬ್ಬಳ್ಳಿ ಸಭೆಯವ
ಸಹೋದರರು ಮೊದಲ ಸಲ ನಗಿಸಿದರು.

ಕಾರ್ಕಳದವಳು
ನಾಲ್ಕು ದಿನ ಕಳೆಯಿತು, ಏನಾಯಿತು ಎಂದು ಹೇಳಬೇಕಲ್ಲ. ನಿನ್ನೆ ಮತ್ತೆ ಸಭೆ. ಗೋದಲಿಯ ಕಥೆಯನ್ನೂ 'ಮಾಲ್ ಜೊತೆ ಪೈಪೋಟಿ' ಮಾತನ್ನೂ ಹಾಗೇ ಎತ್ತಿ ಇಟ್ಟೆ. ದೊಡ್ಡ ಗಲಾಟೆಯಾಯಿತು. ಕೊನೆಗೆ ಫಾದರ್ ಬಾಯಿ ಬಿಟ್ಟರು, ಪ್ರಬೋಧನೆ ಚುಟುಕಾಗಿರಲಿ ಎಂಬ ಸಾಲು ತಮ್ಮನ್ನು ಕೇಳದೆ ಹಾಕಿದ್ದಂತೆ. ಈಗ ಪೂಜೆ 7ಕ್ಕೆ, ಅದಕ್ಕೂ ಮೊದಲು ಅರ್ಧ ಗಂಟೆ ಕ್ಯಾರೊಲ್ ಗೀತೆಗಳು ಮಾತ್ರ. ಡಿಜೆ 27ಕ್ಕೆ ಹೋಯಿತು. ಸಾಂತಾ ಮತ್ತು ಜೀಪನ್ನು ಬಿಟ್ಟುಕೊಡಲು ಯಾರೂ ತಯಾರಿಲ್ಲ, ಬಾಡಿಗೆ ಮುಂಗಡ ಕೊಟ್ಟಾಗಿದೆಯಂತೆ. ಪೂಜೆ ಮುಗಿದ ಮೇಲೆ ಬರುತ್ತಾನೆ. ಅತಿಥಿಗಳ ಭಾಷಣ ಪೂಜೆಯ ಕೊನೆಗೆ ಅಂಟಿಕೊಂಡಿದೆ, ಅದು ನನಗೆ ಇಷ್ಟವಾಗಲಿಲ್ಲ, ಸೋತೆ.

ಪೀಠದ ಮುಂದೆ ಸಣ್ಣ ಗೋದಲಿ ಮಾಡುವ ಕೆಲಸ ನನ್ನ ತಲೆಗೇ ಬಂತು. ಮಕ್ಕಳಿಂದ ಮಾಡಿಸೋಣ ಎಂದಿದ್ದೇನೆ. ಹುಲ್ಲಿಗೆ ಪ್ಲಾಸ್ಟಿಕ್ ಬೇಡ. ನಾವು ಚಿಕ್ಕವರಿದ್ದಾಗ ಹಾಲಿನ ಪುಡಿಯ ಡಬ್ಬದಲ್ಲಿ ರಾಗಿ ಬಿತ್ತುತ್ತಿದ್ದೆವು. ಎಷ್ಟು ದಿನ ಮುಂಚೆ ಎಂದು ಮರೆತಿದೆ.

ಅಡುಗೆಮನೆಯಿಂದ
ಹತ್ತು ಹನ್ನೆರಡು ದಿನ ಸಾಕು. ಒಂದು ರಾತ್ರಿ ನೆನೆಸಿ ಬಿತ್ತಿ. ಬಿಸಿಲಿಗೆ ಇಡದಿದ್ದರೆ ಪೈರು ಬಿಳಿಚಿಕೊಂಡು ವಾಲುತ್ತದೆ. ಬೇಗ ಬಿತ್ತಿದರೆ ಹಬ್ಬದ ಹೊತ್ತಿಗೆ ಹಳದಿ. ನೀರು ಚಿಮುಕಿಸಬೇಕು, ಸುರಿಯಬಾರದು.

ಯುವ ಸಂಚಾಲಕ
ಅಂಗಡಿಯಲ್ಲಿ ಸಿಗುವ ಮಾಮೂಲಿ ರಾಗಿ ಮೊಳೆಯುತ್ತದೆಯೇ ಬಾಯಿ? ನಮ್ಮಲ್ಲೂ ಹುಡುಗರಿಗೆ ಹೇಳಿ ನೋಡುತ್ತೇನೆ.

ಅಡುಗೆಮನೆಯಿಂದ
ಮೊಳೆಯುತ್ತದೆ. ಹಿಟ್ಟಿನ ಪ್ಯಾಕೆಟ್ ತರಬೇಡ, ಅಷ್ಟೆ.