'ವಾಟ್ ಈಸ್ ದಿಸ್ ಫಾರ್' ಅಂದರೆ ತಪ್ಪಾ?

ಬೆಣ್ಣೆದೋಸೆ: ಆಫೀಸ್ ಮೇಲ್‌ನಲ್ಲಿ 'ವಾಟ್ ಈಸ್ ದಿಸ್ ಫೈಲ್ ಫಾರ್?' ಅಂತ ಕೇಳಿದ್ದೆ. ಹಿರಿಯರೊಬ್ಬರು ಕರೆದು, ಪ್ರೆಪೊಸಿಷನ್ (ಫಾರ್, ಟು, ವಿತ್ ಥರದ ಪದ) ವಾಕ್ಯದ ಕೊನೆಗೆ ಬರಬಾರದು, ತಿದ್ದಿ ಕಳಿಸು ಎಂದರು. ಹೈಸ್ಕೂಲಲ್ಲೂ ಇದನ್ನೇ ಹೇಳಿಕೊಟ್ಟಿದ್ದರು. ತಿದ್ದಲು ಹೋದರೆ 'ಫಾರ್ ವಾಟ್ ಈಸ್ ದಿಸ್ ಫೈಲ್?' ಆಯಿತು, ಓದಿದರೆ ನನಗೇ ನಗು ಬರುತ್ತದೆ. ಯಾವುದು ಸರಿ?

ಕಡಲೆಪುರಿ: ಮೊದಲು ಬರೆದದ್ದೇ ಸರಿ. 'ವೇರ್ ಆರ್ ಯು ಫ್ರಮ್' ಅನ್ನುವುದನ್ನು 'ಫ್ರಮ್ ವೇರ್ ಆರ್ ಯು' ಅಂತ ಇಂಗ್ಲಿಷ್ ಮನೆಮಾತಿನವರು ಯಾರೂ ಕೇಳುವುದಿಲ್ಲ. ಈ ತಕರಾರು ತೆಗೆದವರಲ್ಲಿ ಹೆಸರುವಾಸಿ ಕವಿ ಜಾನ್ ಡ್ರೈಡನ್. 1672ರಲ್ಲಿ ನಾಟಕಕಾರ ಬೆನ್ ಜಾನ್ಸನ್ ಬರೆದಿದ್ದ ಸಾಲಿನಲ್ಲಿ ಇದೇ ತಪ್ಪು ಹುಡುಕಿದ, ಆಮೇಲೆ ತನ್ನ ಹಳೇ ಬರಹವನ್ನೂ ಕೂತು ತಿದ್ದಿದ! ಲ್ಯಾಟಿನ್‌ನಲ್ಲಿ ಪ್ರೆಪೊಸಿಷನ್ ಅನ್ನುವ ಪದದ ಅರ್ಥವೇ 'ಮುಂದೆ ಇಡುವುದು', ಅಲ್ಲಿ ಅದು ಕೊನೆಗೆ ಬರುವುದಿಲ್ಲ. ಇಂಗ್ಲಿಷಿಗೂ ಅದೇ ಅಂಗಿ ತೊಡಿಸಲು ಹೊರಟರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೋತ್, ಇದು ನಮ್ಮ ಭಾಷೆಗೆ ಬಹಳ ಒಗ್ಗಿದ ರೀತಿ ಅಂತ ಹೇಳುವ ವಾಕ್ಯವನ್ನೇ 'ಟು' ಅಂತ ಮುಗಿಸಿದ್ದಾನೆ. ಗಂಭೀರ ಬರಹಕ್ಕೆ ಮುಂದೆ ಇಟ್ಟರೆ ಚೆಂದ ಅಂದನೇ ಹೊರತು ತಪ್ಪು ಅನ್ನಲಿಲ್ಲ. 1926ರಲ್ಲಿ ಇಂಗ್ಲಿಷ್ ಬಳಕೆಯ ಕೈಪಿಡಿ ಬರೆದ ಫೌಲರ್ ಈ ನಿಯಮವನ್ನು ಮೂಢನಂಬಿಕೆ ಅಂತಲೇ ಕರೆದ.

ಮಲೆನಾಡ್_ಮಳೆ: ನನಗನ್ನಿಸುವುದು, ನಮಗೆ ಆ ನಿಯಮ ಸುಲಭವಾಗಿ ಹಿಡಿಸುವುದಕ್ಕೆ ಕನ್ನಡವೇ ಕಾರಣ. ಯಾರ ಜೊತೆ, ಯಾವುದರಿಂದ, ಯಾವುದಕ್ಕೆ ಅಂತ ಎಲ್ಲವೂ ಪ್ರಶ್ನೆಪದದ ಬಾಲ ಹಿಡಿದೇ ಇರುತ್ತವೆ. 'ಯಾರ ಹೋದೆ ಜೊತೆ' ಅಂತ ಯಾರಾದರೂ ಕೇಳುತ್ತಾರಾ? ನಮ್ಮವರ ನಿಜವಾದ ತಪ್ಪು ಬೇರೆ. 'ನಾನು ಬರೆಯುವ ಪೆನ್ನು' ಅನ್ನುವಾಗ 'ಇಂದ' ಎಲ್ಲೋ ಮಾಯ, ಅದನ್ನೇ ಇಂಗ್ಲಿಷಿಗೆ ಇಳಿಸಿ 'ದ ಪೆನ್ ಐ ರೈಟ್' ಅನ್ನುತ್ತೇವೆ, ಕೊನೆಯ 'ವಿತ್' ಬಿಟ್ಟೇ ಹೋಗುತ್ತದೆ. 'ದ ಚೇರ್ ಐ ಸ್ಯಾಟ್' ಕೂಡ ಹಾಗೇ, 'ಆನ್' ಬೇಕೇ ಬೇಕು. ಕೊನೆಗೆ ಬರಬಾರದು ಅಂತ ಮಕ್ಕಳನ್ನು ಹೆದರಿಸಿದರೆ ಇದು ಇನ್ನೂ ಜಾಸ್ತಿ ಆಗುತ್ತದೆ.

ಕಡಲೆಪುರಿ: ಪೆನ್ನಿನ ಮಾತು ಹೌದು, ನನಗೆ ಹೊಳೆದಿರಲಿಲ್ಲ. ಒಂದು ಸೇರಿಸುತ್ತೇನೆ, ಕೆಲಸವಿಲ್ಲದ ಪ್ರೆಪೊಸಿಷನ್ ಸುಮ್ನೆ ಕೊನೆಗೆ ಅಂಟಿಸುವುದು ಬೇಡ. 'ವೇರ್ ಆರ್ ಯು ಗೋಯಿಂಗ್ ಟು' ಅನ್ನುವಲ್ಲಿ 'ಟು' ತೆಗೆದರೂ ಅರ್ಥ ಹಾಗೇ ಇರುತ್ತದೆ, ಅಲ್ವಾ? 'ಫಾರ್' ತೆಗೆದರೆ ನಿಮ್ಮ ಪ್ರಶ್ನೆಯೇ ಬದಲಾಗುತ್ತದೆ.

ಬೆಣ್ಣೆದೋಸೆ: ಎಲ್ಲರಿಗೂ ಥ್ಯಾಂಕ್ಸ್. ಲೋತ್ ಕಥೆ ಹೇಳಿ ವಾದಿಸುವ ಧೈರ್ಯ ಇಲ್ಲ, ಅಪ್ರೈಸಲ್ ಹತ್ತಿರ ಇದೆ. 'ವೈ ಡು ವಿ ನೀಡ್ ದಿಸ್ ಫೈಲ್?' ಅಂತ ಬರೆದು ಕಳಿಸಿದೆ.